ಬಂದನೋ, ಬಂದಿದ್ದಾನೋ?

ಆಗಿಹೋದ ಕೆಲಸವನ್ನು ಹೇಳಲು ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡು ರೂಪಗಳಿವೆ. ‘ಹೀ ಕೇಮ್’ ಎಂಬುದು ಸಿಂಪಲ್ ಪಾಸ್ಟ್, ‘ಹೀ ಹ್ಯಾಸ್ ಕಮ್’ ಎಂಬುದು ಪ್ರೆಸೆಂಟ್ ಪರ್ಫೆಕ್ಟ್. ಎರಡರಲ್ಲೂ ಬಂದದ್ದು ಬಂದಾಗಿದೆ. ನೋಟ ಎಲ್ಲಿ ನೆಟ್ಟಿದೆ ಎಂಬುದಷ್ಟೇ ಬೇರೆ. ತತ್ತ್ವಶಾಸ್ತ್ರಜ್ಞ ಹ್ಯಾನ್ಸ್ ರೈಶೆನ್‌ಬಾಖ್ 1947ರಲ್ಲಿ ಇದಕ್ಕೆ ಮೂರು ಬಿಂದುಗಳ ಲೆಕ್ಕ ಕೊಟ್ಟರು: ಘಟನೆಯ ಹೊತ್ತು, ಮಾತಿನ ಹೊತ್ತು, ನೋಟದ ಹೊತ್ತು. ಸಿಂಪಲ್ ಪಾಸ್ಟ್‌ನಲ್ಲಿ ನೋಟ ಘಟನೆಯ ಜೊತೆಗಿರುತ್ತದೆ, ಪರ್ಫೆಕ್ಟ್‌ನಲ್ಲಿ ಮಾತಿನ ಜೊತೆಗೆ.

ಕನ್ನಡಕ್ಕೆ ಈ ಭೇದ ಹೊಸದೇನಲ್ಲ. ‘ಬಂದಿದ್ದಾನೆ’ಯನ್ನು ಬಿಡಿಸಿದರೆ ‘ಬಂದು ಇದ್ದಾನೆ’. ವರ್ತಮಾನದ ‘ಇದ್ದಾನೆ’ ಅದರೊಳಗೇ ಕೂತಿದೆ. ಇಂಗ್ಲಿಷಿನ ‘ಹ್ಯಾಸ್’ ಸಹ ವರ್ತಮಾನದ ರೂಪವೇ. ಇಲ್ಲವೆನ್ನುವಾಗ ಭೇದ ಇನ್ನೂ ನಿಚ್ಚಳ. ‘ಬಸ್ಸು ಬಂದಿಲ್ಲ’ ಎನ್ನುವವರು ಇನ್ನೂ ನಿಲ್ದಾಣದಲ್ಲೇ ಕಾಯುತ್ತಿದ್ದಾರೆ. ‘ಬಸ್ಸು ಬರಲಿಲ್ಲ’ ಎನ್ನುವವರು ಆಟೋ ಹಿಡಿದು ಮನೆ ಸೇರಿ ಕಥೆ ಹೇಳುತ್ತಿದ್ದಾರೆ. ಮೊದಲನೆಯದು ‘ಹ್ಯಾಸ್ ನಾಟ್ ಕಮ್’, ಎರಡನೆಯದು ‘ಡಿಡ್ ನಾಟ್ ಕಮ್’. ಯಾವುದನ್ನು ಬಳಸಬೇಕೆಂದು ತೋಚದಿದ್ದಾಗ ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಮಾಡಿ ನೋಡುವುದು ವ್ಯಾಕರಣ ಪುಸ್ತಕದ ಹಲವು ಪುಟಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ಹೊತ್ತು ಹೇಳುವ ಮಾತು ಬಂದೊಡನೆ ಎರಡು ಭಾಷೆಗಳ ದಾರಿ ಕವಲೊಡೆಯುತ್ತದೆ. ‘ನಿನ್ನೆಯೇ ಬಂದಿದ್ದಾನೆ’ ಎಂಬುದು ಶುದ್ಧ ಕನ್ನಡ. ‘ಹೀ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂಬುದು ತಪ್ಪು ಇಂಗ್ಲಿಷ್. ನಿನ್ನೆ, ಹೋದ ವಾರ, 1998ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದರೆ ಇಂಗ್ಲಿಷಿನ ನೋಟ ಅಲ್ಲಿಗೇ ಹೋಗಬೇಕು, ‘ಹ್ಯಾಸ್’ ಜಾಗ ಬಿಡಬೇಕು. ‘ವೆನ್’ ಎಂದು ಕೇಳುವಾಗಲೂ ಹೀಗೆಯೇ: ‘ವೆನ್ ಡಿಡ್ ಯು ಕಮ್?’ ಇನ್ನೂ ಮುಗಿಯದ ಕಾಲಕ್ಕೆ ಈ ಅಡ್ಡಿಯಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎನ್ನಬಹುದು. ಅದೇ ಎರಡು ಲೋಟ ಕಾಫಿಗೆ ಸಂಜೆಯಾದ ಮೇಲೆ ‘ಐ ಹ್ಯಾಡ್’ ಬೇಕು.

ಜ್ಞಾನಪೀಠದ ಉದಾಹರಣೆ ಇದನ್ನೇ ತೋರಿಸುತ್ತದೆ. ಕುವೆಂಪು ಅವರಿಗೆ 1967ರ ಪ್ರಶಸ್ತಿ, ಕಾರಂತರಿಗೆ 1977ರದು. ಇಬ್ಬರ ವಿಷಯದಲ್ಲೂ ‘ವನ್’. ಕನ್ನಡದ ಎಂಟು ಲೇಖಕರಿಗೆ ಅದು ಸಂದಿದೆ ಎಂದು ಒಟ್ಟು ಹೇಳುವಾಗ ‘ಹ್ಯಾವ್ ವನ್’, ಏಕೆಂದರೆ ಆ ಪಟ್ಟಿ ಇನ್ನೂ ಬೆಳೆಯಬಹುದು.

‘ಹೋಗಿದ್ದಾನೆ’ ಇನ್ನೊಂದು ಎಡವುಗಲ್ಲು. ‘ಮೈಸೂರಿಗೆ ಹೋಗಿದ್ದಾನೆ’ ಎಂದರೆ ಈಗ ಮನೆಯಲ್ಲಿಲ್ಲ ಎಂದೂ ಆಗಬಹುದು, ಹಿಂದೆ ಯಾವಾಗಲೋ ನೋಡಿ ಬಂದಿದ್ದಾನೆ ಎಂದೂ ಆಗಬಹುದು. ಇಂಗ್ಲಿಷ್ ಮೊದಲನೆಯದಕ್ಕೆ ‘ಹ್ಯಾಸ್ ಗಾನ್ ಟು’, ಎರಡನೆಯದಕ್ಕೆ ‘ಹ್ಯಾಸ್ ಬೀನ್ ಟು’ ಎನ್ನುತ್ತದೆ. ಎದುರಿಗೇ ಕೂತವರು ‘ಐ ಹ್ಯಾವ್ ಗಾನ್ ಟು ಡೆಲ್ಲಿ’ ಎಂದರೆ ಕೇಳಿದ ಇಂಗ್ಲಿಷರಿಗೆ ಕಕ್ಕಾಬಿಕ್ಕಿಯಾದೀತು.

ಇಂದಿಗೂ ಮುಂದುವರಿದಿರುವ ಸ್ಥಿತಿಗೆ ಕನ್ನಡದಲ್ಲಿ ಬರಿಯ ವರ್ತಮಾನ ಸಾಕು: ‘2010ರಿಂದ ಇಲ್ಲೇ ಇದ್ದೇನೆ’. ಅದರ ನೆರಳಿನಲ್ಲೇ ಹುಟ್ಟುವುದು ‘ಐ ಆಮ್ ಹಿಯರ್ ಸಿನ್ಸ್ 2010’. ಇಂಗ್ಲಿಷ್ ಕೇಳುವುದು ‘ಐ ಹ್ಯಾವ್ ಬೀನ್ ಹಿಯರ್’.

ಪತ್ರಿಕೆಗಳಲ್ಲಿ ಎರಡೂ ರೂಪಗಳು ಒಟ್ಟಿಗೆ ದುಡಿಯುತ್ತವೆ. ಸುದ್ದಿಯ ಮೊದಲ ಸಾಲು ಸಾಮಾನ್ಯವಾಗಿ ಪರ್ಫೆಕ್ಟ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿದೆ ಎನ್ನುತ್ತದೆ. ಸಭೆ ಯಾವಾಗ ನಡೆಯಿತು, ಯಾರು ಏನೆಂದರು ಎಂಬ ವಿವರಕ್ಕೆ ಇಳಿದಾಗ ಸಿಂಪಲ್ ಪಾಸ್ಟ್ ಬರುತ್ತದೆ.

ಬ್ರಿಟನ್ನಿನವರು ‘ಹ್ಯಾವ್ ಯು ಈಟನ್ ಯೆಟ್?’ ಎನ್ನುವಲ್ಲಿ ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’ ಎಂದೂ ಕೇಳುತ್ತಾರೆ. ‘ಜಸ್ಟ್’, ‘ಆಲ್ರೆಡಿ’ಗಳ ಜೊತೆಗೂ ಅಲ್ಲಿ ಇದೇ ಸಡಿಲಿಕೆ. ಆದರೆ ಈ ಸಡಿಲಿಕೆ ಒಂದೇ ದಿಕ್ಕಿನದು: ‘ಯೆಸ್ಟರ್‌ಡೇ’ ಜೊತೆ ‘ಹ್ಯಾಸ್ ಕಮ್’ ಅಮೆರಿಕದಲ್ಲೂ ಸಲ್ಲುವುದಿಲ್ಲ.