ತಾಯ ರಕ್ತದಿಂದ ಬಂದ ಬೇನೆ

ಹುಟ್ಟಿದ ಕೂಸಿಗೆ ಮೊದಲ ಕೆಲವು ತಿಂಗಳು ದಡಾರದಂತಹ ರೋಗಗಳು ಬಹುಮಟ್ಟಿಗೆ ಸೋಕದಿರುವುದಕ್ಕೆ ಕಾರಣ, ಹಿಂದಿನ ರೋಗಾನುಭವದಿಂದಲೋ ಚುಚ್ಚುಮದ್ದಿನಿಂದಲೋ ತಾಯಿಯ ರಕ್ತದಲ್ಲಿ ಸಂಚಿತವಾದ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ರಕ್ತವನ್ನು ಸೇರಿರುವುದೇ ಆಗಿದೆ. ಮಾಸಿನ ಜೀವಕೋಶಗಳಲ್ಲಿರುವ ಒಂದು ಗ್ರಾಹಕವು ಐಜಿಜಿ ಎಂಬ ವರ್ಗದ ಪ್ರತಿಕಾಯಗಳನ್ನು ಅಂಬಿಗನಂತೆ ದಡದಿಂದ ದಡಕ್ಕೆ ಸಾಗಿಸುತ್ತದೆ. ನಾಲ್ಕನೆಯ ತಿಂಗಳ ಸುಮಾರಿಗೆ ಅಲ್ಪವಾಗಿ ಮೊದಲಾಗುವ ಈ ಸಾಗಾಟವು ಕಡೆಯ ಮೂರು ತಿಂಗಳಲ್ಲಿ ಉಕ್ಕೇರಿ, ದಿನ ತುಂಬಿ ಜನಿಸುವ ಶಿಶುವಿನಲ್ಲಿ ಅವುಗಳ ಪ್ರಮಾಣ ತಾಯಿಯದಕ್ಕಿಂತಲೂ ಮಿಗಿಲಾಗಿರುವುದುಂಟು.

ಆದರೆ ಈ ಅಂಬಿಗನಿಗೆ ಹಿತಾಹಿತ ವಿವೇಚನೆಯಿಲ್ಲ. ತನ್ನ ದೇಹದ ಅಂಗಗಳನ್ನೇ ಶತ್ರುವೆಂದು ಭ್ರಮಿಸುವ ಪ್ರತಿಕಾಯಗಳು ತಾಯಿಯಲ್ಲಿದ್ದರೆ ಅವೂ ದಾಟುತ್ತವೆ. ಸ್ನಾಯುಗಳನ್ನು ದುರ್ಬಲಗೊಳಿಸುವ ಮಯಸ್ತೇನಿಯ ರೋಗವುಳ್ಳ ತಾಯಂದಿರ ಮಕ್ಕಳಲ್ಲಿ ಕೆಲವು ಹುಟ್ಟಿದ ಒಂದೆರಡು ದಿನಗಳಲ್ಲೇ ಮೊಲೆ ಚೀಪಲಾರದೆ, ಗಟ್ಟಿಯಾಗಿ ಅಳಲಾರದೆ ಸೋಲುತ್ತವೆ. ಆದರೂ ತಕ್ಕ ಆರೈಕೆ ದೊರೆತರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಸ್ಕಾಟ್ಲೆಂಡಿನ ನರವೈದ್ಯ ಜಾನ್ ಸಿಂಪ್ಸನ್ 1960ರಲ್ಲಿ ಈ ರೋಗಕ್ಕೆ ಪ್ರತಿಕಾಯಗಳೇ ಮೂಲವೆಂದು ಊಹಿಸಿದಾಗ, ಬಂದು ಹೋಗುವ ಈ ಶಿಶುದೌರ್ಬಲ್ಯವೂ ಅವರ ತರ್ಕಕ್ಕೆ ಒಂದು ಆಧಾರವಾಯಿತು. ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ರೋಗದಲ್ಲಿಯಂತೂ, ತಾಯಿಯ ಥೈರಾಯ್ಡ್ ಗ್ರಂಥಿಯನ್ನು ವರ್ಷಗಳ ಹಿಂದೆಯೇ ತೆಗೆದುಹಾಕಿದ್ದರೂ ರಕ್ತದಲ್ಲಿ ಉಳಿದ ಪ್ರತಿಕಾಯಗಳು ಮಗುವಿನ ಗ್ರಂಥಿಯನ್ನು ಕೆರಳಿಸಬಲ್ಲವು.

ಐಜಿಜಿಯ ಅರ್ಧಾಯುಷ್ಯ ಸುಮಾರು ಮೂರು ವಾರ. ಆದಕಾರಣ ಮಗುವಿನ ಈ ಬೇನೆಗಳು ಎರವಲು ಬೇನೆಗಳು. ತಾಯಿಯ ಪ್ರತಿಕಾಯಗಳು ಕರಗಿದಂತೆಲ್ಲ ಅವೂ ಕರಗುತ್ತವೆ. ಈ ಸಮಾಧಾನಕ್ಕೆ ಹೃದಯವೊಂದು ದಾರುಣವಾದ ಅಪವಾದ. ದೇಹವು ತನ್ನನ್ನೇ ಆಕ್ರಮಿಸುವ ಲೂಪಸ್, ಶೋಗ್ರೆನ್ ರೋಗಗಳಲ್ಲಿ ಕಾಣುವ ಆ್ಯಂಟಿ-ರೋ ಎಂಬ ಪ್ರತಿಕಾಯವುಳ್ಳ ತಾಯಂದಿರ ಶಿಶುಗಳಲ್ಲಿ ನೂರಕ್ಕೆ ಸುಮಾರು ಎರಡರಲ್ಲಿ, ಬಹುತೇಕ ಗರ್ಭದ 18ರಿಂದ 24ನೆಯ ವಾರದೊಳಗೆ, ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಮಿಡಿತದ ಸಂಜ್ಞೆಯನ್ನು ಒಯ್ಯುವ ಊತಕವು ಉರಿಯೂತಕ್ಕೆ ಸಿಲುಕಿ ಗಾಯದ ಕಲೆಯಾಗಿ ಹೋಗುತ್ತದೆ. ನಿಮಿಷಕ್ಕೆ 110ರಿಂದ 160 ಬಾರಿ ಮಿಡಿಯಬೇಕಾದ ಹೃದಯ ಅರುವತ್ತರ ಆಸುಪಾಸಿಗೆ ಇಳಿಯುತ್ತದೆ. ಪ್ರತಿಕಾಯ ಮರೆಯಾದರೂ ಕಲೆ ಮಾಯುವುದಿಲ್ಲ. ಕೆಲವು ಮಕ್ಕಳು ಉಳಿಯುವುದಿಲ್ಲ, ಉಳಿದವರಲ್ಲಿ ಹೆಚ್ಚಿನವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

ಇಂತಹ ತಾಯಂದಿರಲ್ಲಿ ಅನೇಕರಿಗೆ ತಮ್ಮಲ್ಲಿ ಈ ಪ್ರತಿಕಾಯವಿದೆಯೆಂಬುದು ಮಗುವಿನ ಹೃದಯ ನಿಧಾನವಾದಾಗಲೇ, ಇಲ್ಲವೆ ಎಳೆಬಿಸಿಲು ತಾಗಿದ ಕೂಸಿನ ಮುಖದಲ್ಲಿ ಕೆಂಪು ಮಂಡಲಗಳು ಮೂಡಿದಾಗಲೇ ತಿಳಿಯುತ್ತದೆ. ಅದುವರೆಗೆ ಅವರಲ್ಲಿ ಹಲವರು ಆರೋಗ್ಯವಂತರಾಗಿಯೇ ಇರುತ್ತಾರೆ. ಗ್ರಹಣದಲ್ಲಿ ಹೊರಗೆ ಬಂದಳೆಂದೋ ಪಥ್ಯ ತಪ್ಪಿದಳೆಂದೋ ಬಾಣಂತಿಯನ್ನು ನೋಯಿಸುವ ನಮ್ಮ ಮನೆಗಳಲ್ಲಿ, ಆಕೆ ಮಾಡಿದ ಯಾವ ಕಾರ್ಯವೂ ಇದಕ್ಕೆ ಕಾರಣವಲ್ಲವೆಂಬುದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಆಕೆಗೆ ಬೇಕಾದದ್ದು ದೂಷಣೆಯಲ್ಲ, ಮುಂದಿನ ಗರ್ಭಕ್ಕೆ ಮುಂಜಾಗ್ರತೆ. ಒಂದು ಮಗುವಿನ ಹೃದಯಕ್ಕೆ ಹೀಗೆ ಹಾನಿಯಾಗಿದ್ದರೆ ಮತ್ತೊಂದಕ್ಕೂ ಆಗುವ ಸಂಭವ ನೂರಕ್ಕೆ ಸುಮಾರು ಹದಿನೆಂಟರಷ್ಟು. ಗರ್ಭದ ಆರಂಭದಿಂದಲೇ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಸೇವಿಸಿದವರಲ್ಲಿ ಅದು ಏಳರ ಸುಮಾರಿಗೆ ಇಳಿದುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡಿತು. ಮಲೇರಿಯಾಕ್ಕೆಂದು ಬಹುಕಾಲದಿಂದ ಬಳಕೆಯಲ್ಲಿರುವ ಈ ಮಾತ್ರೆ ದುಬಾರಿಯದಲ್ಲ. ಆದರೆ ಅದನ್ನು ವೈದ್ಯರ ಸಲಹೆಯಂತೆ ಹತ್ತನೆಯ ವಾರದೊಳಗೇ ಆರಂಭಿಸಬೇಕಾದುದರಿಂದ, ಬಸಿರು ನಿಂತೊಡನೆ ಹಿಂದಿನ ಮಗುವಿನ ವೃತ್ತಾಂತವು ವೈದ್ಯರ ಕಿವಿಗೆ ಮುಟ್ಟಿರಬೇಕು.