ನಿಂತಲ್ಲೇ ಮುದಿಯಾಗುವ ಟೈರು

ಬೇಸಿಗೆ ಭತ್ತದ ಕೊಯ್ಲು ಮುಗಿಯುತ್ತ ಬಂದಾಗ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಟ್ರ್ಯಾಕ್ಟರ್ ಟ್ರಾಲಿಗಳದ್ದೇ ಕಾರುಬಾರು. ತುಂಗಭದ್ರಾ ಕಾಲುವೆಯ ನೀರಿಗೆ ಬೆಳೆದ ಸೋನಾ ಮಸೂರಿ ಚೀಲ ಚೀಲವಾಗಿ ಹೊಲದಿಂದ ಕಣಕ್ಕೆ, ಕಣದಿಂದ ರೈಸ್ ಮಿಲ್ಲಿಗೆ ಸಾಗುತ್ತಿರುತ್ತದೆ. ನೆರಳಿನಲ್ಲೇ 40 ಡಿಗ್ರಿ ದಾಟಿದ ಬಿಸಿಲು. ಅಂಥ ಮಧ್ಯಾಹ್ನ ಡಾಂಬರಿನ ಮೈ 60 ಡಿಗ್ರಿ ಮುಟ್ಟುವುದೂ ಉಂಟು. ಟ್ರಾಲಿ ಟೈರು ಒಡೆಯಲು ಇದಕ್ಕಿಂತ ಪ್ರಶಸ್ತ ಸಮಯ ಬೇಕಿಲ್ಲ. ಒಡೆದ ಟೈರನ್ನು ಬಿಚ್ಚಿ ರಸ್ತೆ ಬದಿಗೆ ಉರುಳಿಸಿದಾಗ ಎಷ್ಟೋ ಸಲ ಒಂದು ವಿಚಿತ್ರ ಕಾಣುತ್ತದೆ: ಬಟನ್ (ನೆಲಕ್ಕೆ ತಾಗುವ ಹೊರಮೈಯ ಉಬ್ಬುತಗ್ಗು) ಇನ್ನೂ ಆಳವಾಗಿಯೇ ಇರುತ್ತದೆ.

‘ಬಟನ್ ಇನ್ನಾ ಐತೆ, ಇನ್ನೊಂದು ಸುಗ್ಗಿ ಎಳಿತೈತೆ ಬಿಡಪ್ಪ’ ಎಂಬ ಲೆಕ್ಕಾಚಾರ ತಪ್ಪುವುದು ಇಲ್ಲೇ. ಲಾರಿಯ ಟೈರಿಗೆ, ಬಸ್ಸಿನ ಟೈರಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಅವು ದಿನವೂ ಓಡುತ್ತವೆ, ಓಡಿ ಓಡಿ ಸವೆಯುತ್ತವೆ. ಟ್ರಾಲಿಯ ಬದುಕೇ ಬೇರೆ. ಸುಗ್ಗಿಯಲ್ಲಿ ಕೆಲವು ವಾರ ಹಗಲಿರುಳು ದುಡಿಮೆ, ಆಮೇಲೆ ತಿಂಗಳುಗಟ್ಟಲೆ ಕಣದ ಮೂಲೆಯಲ್ಲಿ ವಿಶ್ರಾಂತಿ. ಎರಡನೇ ಬೆಳೆಗೆ ನೀರು ಸಿಗದ ವರ್ಷವಂತೂ ಅದು ಕದಲುವುದೇ ಕಡಿಮೆ. ಅದರ ಟೈರು ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತದೆ.

ರಬ್ಬರು ಮುದಿಯಾಗುವುದೆಂದರೇನು? ಹಸಿ ರಬ್ಬರು ಬಿಸಿಗೆ ಅಂಟಂಟು, ಚಳಿಗೆ ಬಿರುಸು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿತನವೂ ಬರುತ್ತದೆ, ಹಿಗ್ಗಿ ಕುಗ್ಗುವ ಗುಣವೂ ಉಳಿಯುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕದ ಕೊಂಡಿಗಳು ಬೆಸೆಯುವುದೇ ಇದಕ್ಕೆ ಕಾರಣ ಎಂಬುದು ತಿಳಿದದ್ದು ಆಮೇಲೆ. ಇಂದಿಗೂ ಪ್ರತಿ ಟೈರೂ ಆ ಕೊಂಡಿಗಳ ಮೇಲೆಯೇ ನಿಂತಿದೆ. ಗಾಳಿಯಲ್ಲಿರುವ ಆಮ್ಲಜನಕ ನಿಧಾನವಾಗಿ ರಬ್ಬರಿನೊಳಕ್ಕೆ ಇಳಿದು ಈ ಹೆಣಿಗೆಯನ್ನು ಕೆಡಿಸುತ್ತ ಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕೆಲಸ ಚುರುಕು. ಕೊನೆಗೆ ರಬ್ಬರು ಬಿರುಸಾಗಿ, ಒಳಗಿನ ನೈಲಾನ್ ಪದರಗಳ ಮೇಲಿನ ಹಿಡಿತ ಸಡಿಲಿಸುತ್ತದೆ. ಹೊರಮೈಗೆ ಇನ್ನೊಂದು ಶತ್ರು ಓಜೋನ್. ಬಗ್ಗಿ ನಿಂತ ರಬ್ಬರಿನ ಮೇಲೆ ಅದು ಕೂದಲೆಳೆಯಂಥ ಬಿರುಕು ಮೂಡಿಸುತ್ತದೆ.

ಕಂಪನಿಗಳಿಗೆ ಇದು ಗೊತ್ತಿರುವುದರಿಂದಲೇ ರಬ್ಬರಿಗೆ ಮೇಣವನ್ನೂ ಓಜೋನ್ ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತವೆ. ಟೈರು ಉರುಳುತ್ತ ಬಗ್ಗಿ ಏಳುವಾಗ ಇವು ಒಳಗಿನಿಂದ ಜಿನುಗಿ ಹೊರಮೈಗೆ ಬಂದು ತೆಳುವಾದ ಪೊರೆ ಹಾಸುತ್ತವೆ. ಉರುಳದಿದ್ದರೆ? ಜಿನುಗುವುದು ಕುಂಠಿತವಾಗುತ್ತದೆ. ಆರು ತಿಂಗಳು ಒಂದೇ ಕಡೆ ಭಾರ ಹೊತ್ತು, ಒಂದೇ ಮಗ್ಗುಲಿಗೆ ಬಿಸಿಲು ಕಾಯಿಸಿಕೊಂಡು ನಿಂತ ಟೈರಿಗೆ ಈ ರಕ್ಷಣೆ ಪೂರ್ತಿ ಸಿಗುವುದಿಲ್ಲ. ದುಡಿದ ಟೈರಿಗಿಂತ ಕೂತ ಟೈರಿನ ಮಗ್ಗುಲು ಬೇಗ ಬಿರಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಅಮೆರಿಕದಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೋಗುವವರಿಗೂ ಇದೇ ತಲೆನೋವು. ಅವರ ಟ್ರೇಲರ್ ಕೂಡ ವರ್ಷದ ಹೆಚ್ಚು ದಿನ ಅಂಗಳದಲ್ಲೇ ನಿಂತಿರುತ್ತದೆ. ಹೀಗಾಗಿ ಅಲ್ಲಿ ಟ್ರೇಲರಿಗೆಂದೇ ‘ಎಸ್‌ಟಿ’ ಗುರುತಿನ, ಮಗ್ಗುಲು ಗಟ್ಟಿಯಾದ ಟೈರು ಬೇರೆಯೇ ಬರುತ್ತದೆ. ಅಷ್ಟಾದರೂ ಬಿಸಿಲಿನ ಮುಂದೆ ಎಲ್ಲ ಟೈರೂ ಒಂದೇ. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಒಂದು ದೊಡ್ಡ ವಿಮಾ ಕಂಪನಿಯ 2002ರಿಂದ 2006ರವರೆಗಿನ ದಾಖಲೆ ತೆಗೆಸಿ ನೋಡಿತು. ಟೆಕ್ಸಾಸ್, ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಲೂಸಿಯಾನಾ ಎಂಬ ಐದು ಬಿಸಿಲ ರಾಜ್ಯಗಳಲ್ಲಿ ಆ ಕಂಪನಿಯ ಗ್ರಾಹಕರು ಇದ್ದದ್ದು ನೂರಕ್ಕೆ 27 ಮಂದಿ. ಟೈರಿಗೆ ಸಂಬಂಧಿಸಿದ ಪರಿಹಾರದ ಅರ್ಜಿಗಳು ಬಂದದ್ದು ನೂರಕ್ಕೆ 77. ಹಾಗೆ ಬಂದವುಗಳಲ್ಲಿ ನೂರಕ್ಕೆ 84 ಟೈರುಗಳು ಆರು ವರ್ಷ ದಾಟಿದವು. ಬಳ್ಳಾರಿಯ ಏಪ್ರಿಲ್, ಮೇ ತಿಂಗಳನ್ನು ಕಂಡವರಿಗೆ ಈ ಅಂಕಿಗಳು ದೂರದೇಶದವು ಎನಿಸಲಾರವು.

ಟೈರು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹಾಗಾದರೆ ಬಟನ್ ಅಲ್ಲ, ಮಗ್ಗುಲಲ್ಲಿ ಒತ್ತಿದ ನಾಲ್ಕು ಅಂಕಿ. ‘3521’ ಎಂದಿದ್ದರೆ 2021ರ 35ನೇ ವಾರ, ಅಂದರೆ ಆ ವರ್ಷದ ಆಗಸ್ಟ್ ಕೊನೆಗೆ ತಯಾರಾದದ್ದು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು. ಹಳೇ ಟ್ರಾಲಿ ಕೊಳ್ಳುವವರು ಅಂಥದ್ದನ್ನು ಕಂಡರೆ ಚೌಕಾಶಿಗೆ ಇಳಿಯದೆ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯುವುದೇ ಸರಿ. ಎಷ್ಟು ವಯಸ್ಸಿನವರೆಗೆ ಬಳಸಬಹುದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹಲವು ವಾಹನ ಕಂಪನಿಗಳು ಆರು ವರ್ಷ ಎನ್ನುತ್ತವೆ. ಮಿಶಲಿನ್‌ನಂಥ ಟೈರು ಕಂಪನಿ ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಹತ್ತು ತುಂಬಿದರೆ ನೋಡಲು ಚೆನ್ನಾಗಿದ್ದರೂ ತೆಗೆದುಬಿಡಿ ಎನ್ನುತ್ತದೆ. ಸಿರುಗುಪ್ಪದ ಬಿಸಿಲಿಗೆ, ನೆರಳಿಲ್ಲದ ಕಣಕ್ಕೆ ಆರರ ಲೆಕ್ಕವೇ ಹೆಚ್ಚು ಹೊಂದುತ್ತದೆ. ಅಂಗಡಿಯಲ್ಲಿ ‘ಹೊಸದು’ ಎಂದು ಕೊಡುವ ಟೈರು ಗೋದಾಮಿನಲ್ಲೇ ಮೂರು ವರ್ಷ ಕಳೆದಿರಬಹುದು. ಆ ಅಂಕಿಯನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇಕೆ?

ವಯಸ್ಸು ಟೈರನ್ನು ಬಡವಾಗಿಸುತ್ತದೆ, ಆದರೆ ಒಡೆಯುವ ಕೊನೆಯ ಪೆಟ್ಟು ಸಾಮಾನ್ಯವಾಗಿ ಬಿಸಿಯದ್ದು. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಗ್ಗುವ ಜಾಗ ಕಾದು ಕೈ ಸುಡುವಂತೆ, ಉರುಳುವ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಒಮ್ಮೆ ಮಡಿಚಿ ಏಳುತ್ತ ಕಾಯುತ್ತದೆ. ಬಗ್ಗಲು ತೆಗೆದುಕೊಂಡ ಶಕ್ತಿಯನ್ನು ರಬ್ಬರು ಏಳುವಾಗ ಪೂರ್ತಿ ಹಿಂದಿರುಗಿಸುವುದಿಲ್ಲ. ಉಳಿದದ್ದು ಶಾಖ. ರಬ್ಬರಿಗೆ ಶಾಖವನ್ನು ಹೊರಗೆ ದಾಟಿಸುವ ಚಾಕಚಕ್ಯತೆಯೂ ಇಲ್ಲ. ಗಾಳಿ ಕಡಿಮೆ ಇದ್ದಷ್ಟೂ ಮಗ್ಗುಲು ಹೆಚ್ಚು ಬಗ್ಗುತ್ತದೆ, ಹೆಚ್ಚು ಕಾಯುತ್ತದೆ. ಭಾರ ಹೊರುವುದು ಟೈರಲ್ಲ, ಅದರೊಳಗಿನ ಗಾಳಿ ಎಂಬ ಮಾತು ಅಕ್ಷರಶಃ ನಿಜ.

ಈ ಸತ್ಯಕ್ಕೆ ಅಮೆರಿಕ ತೆತ್ತ ಬೆಲೆ ದೊಡ್ಡದು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುತ್ತಿರುವಾಗಲೇ ಕಿತ್ತು ಬರುತ್ತಿತ್ತು. 2000ದ ಆಗಸ್ಟಿನಲ್ಲಿ 65 ಲಕ್ಷದಷ್ಟು ಟೈರುಗಳನ್ನು ಹಿಂದಕ್ಕೆ ಕರೆಸಲಾಯಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 271 ಮಂದಿ. ಟೈರಿನ ವಿನ್ಯಾಸ, ತಯಾರಿಕೆ ಎಲ್ಲವೂ ಚರ್ಚೆಗೆ ಬಂದವು. ಅವುಗಳ ಜೊತೆಗೆ ಎರಡು ಸಂಗತಿ ಎದ್ದು ಕಂಡವು. ಅವಘಡಗಳು ಬಿಸಿಲ ರಾಜ್ಯಗಳಲ್ಲೇ ದಟ್ಟವಾಗಿದ್ದವು, ಮತ್ತು ಫೋರ್ಡ್ ಕಂಪನಿ ಆ ಗಾಡಿಗೆ ಹೇಳಿದ್ದ ಗಾಳಿ ಬರೀ 26 ಪಿಎಸ್‌ಐ.

ನಮ್ಮಲ್ಲಿ ಗಾಳಿ ಇಳಿಸುವ ಕೆಲಸವನ್ನು ಬಳ್ಳಾರಿ ಜಾಲಿಯೇ ಮಾಡುತ್ತದೆ. ಅಮೆರಿಕ ಖಂಡದಿಂದ ಬಂದು ಈ ಊರಿನ ಹೆಸರನ್ನೇ ಹೊತ್ತ ಈ ಮುಳ್ಳುಗಿಡ ಕಾಲುವೆಯ ಏರಿ, ಹಳ್ಳದ ದಂಡೆ, ಹೊಲದ ಬದು ಎಲ್ಲೆಡೆ ಹಬ್ಬಿದೆ. ಕುರುಗೋಡಿನ ಕಲ್ಲುಗುಡ್ಡಗಳ ಬದಿಯ ಬಂಡಿದಾರಿಯಲ್ಲಿ ಹೋಗಿಬಂದ ಟೈರಿನಲ್ಲಿ ಮುರಿದ ಜಾಲಿಮುಳ್ಳು ಸಿಗದಿದ್ದರೆ ಆಶ್ಚರ್ಯ. ಮುಳ್ಳು ಟೈರನ್ನು ಒಡೆಯುವುದಿಲ್ಲ. ಟ್ಯೂಬಿಗೆ ಸೂಜಿಮೊನೆಯಷ್ಟು ತೂತು ಮಾಡಿ ಸುಮ್ಮನಾಗುತ್ತದೆ. ಗಾಳಿ ಎರಡು ದಿನಕ್ಕೆ ನಾಲ್ಕಾರು ಪಿಎಸ್‌ಐನಂತೆ ಇಳಿಯುತ್ತ ಹೋಗಿ, ವಾರದ ಮೇಲೆ ಹೆದ್ದಾರಿಯಲ್ಲಿ ಭರ್ತಿ ಹೇರಿನೊಂದಿಗೆ ಹೊರಟಾಗ ಟೈರು ಸದ್ದಿಲ್ಲದೆ ಕಾಯತೊಡಗುತ್ತದೆ. ಕೋಲಿನಿಂದ ಬಡಿದು ಸದ್ದು ಕೇಳಿ ಗಾಳಿ ಸರಿಯಿದೆ ಎನ್ನುವವರುಂಟು. ಪೂರ್ತಿ ಇಳಿದದ್ದನ್ನು ಆ ಸದ್ದು ಹೇಳೀತು. 70 ಇರಬೇಕಾದ ಕಡೆ 55 ಇದ್ದರೆ ಹೇಳಲಾರದು. ಅದಕ್ಕೆ ಗೇಜೇ ಬೇಕು, ಅದರ ಬೆಲೆ ಒಂದು ಟೈರಿನ ಬೆಲೆಯ ಮುಂದೆ ಏನೇನೂ ಅಲ್ಲ.

ಗಾಳಿ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. 27 ಡಿಗ್ರಿಯಲ್ಲಿ 70 ಪಿಎಸ್‌ಐ ತುಂಬಿದ ಟೈರಿನ ಒಳಗಾಳಿ ಓಡಿ 67 ಡಿಗ್ರಿಗೆ ಕಾದರೆ ಒತ್ತಡ ತಾನಾಗಿ ಸುಮಾರು 81ಕ್ಕೆ ಏರುತ್ತದೆ. ಟೈರು ಮಾಡುವವರು ಈ ಏರಿಕೆಯನ್ನು ಲೆಕ್ಕದಲ್ಲಿಟ್ಟೇ ಮಾಡಿರುತ್ತಾರೆ. ‘ಬಿಸಿಗೆ ಗಾಳಿ ಜಾಸ್ತಿಯಾಯ್ತು’ ಎಂದು ಮಧ್ಯಾಹ್ನ ವಾಲ್ವ್ ಒತ್ತಿ ಬಿಡುವುದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ: ಗಾಳಿ ತಗ್ಗಿ, ಮಗ್ಗುಲು ಇನ್ನಷ್ಟು ಬಗ್ಗಿ, ಬಿಸಿ ಇನ್ನಷ್ಟು ಏರುತ್ತದೆ. ಇಕ್ಕಟ್ಟು ಒಂದಿದೆ. ನೀರುಂಡ ಎರೆ ಹೊಲದಲ್ಲಿ ಗಾಳಿ ಕಡಿಮೆಯಿದ್ದರೆ ಟೈರು ಅಗಲವಾಗಿ ಹರಡಿ, ಹೂತುಕೊಳ್ಳದೆ ಬರುತ್ತದೆ. ಹಾಗೆಂದು ಇಳಿಸಿದವರು ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಿಕೊಳ್ಳಲೇಬೇಕು. ದಾರಿಯಲ್ಲಿ ಪಂಕ್ಚರ್ ಅಂಗಡಿ ಇಲ್ಲದಿದ್ದರೆ ಇಳಿಸದಿರುವುದೇ ಲೇಸು.

ಇನ್ನು ಭಾರದ ಲೆಕ್ಕ. ಈ ಭಾಗದಲ್ಲಿ ಭತ್ತದ ಚೀಲವೆಂದರೆ 75 ಕೆ.ಜಿ. ನಾಲ್ಕು ಚಕ್ರದ ಟ್ರಾಲಿಗೆ 80 ಚೀಲ ಹೇರಿದರೆ 6 ಟನ್. ಖಾಲಿ ಟ್ರಾಲಿ ಒಂದೂವರೆ ಟನ್ ಎಂದಿಟ್ಟುಕೊಂಡರೆ ಒಟ್ಟು ಏಳೂವರೆ, ತಲಾ ಟೈರಿಗೆ 1,875 ಕೆ.ಜಿ. ಟೈರಿನ ಮೇಲೆ ಹೊರೆಯ ಸೂಚ್ಯಂಕ 130 ಎಂದಿದ್ದರೆ ಅದರ ತಾಕತ್ತು 1,900 ಕೆ.ಜಿ., 135 ಎಂದಿದ್ದರೆ 2,180. ಅಂದರೆ 130ರ ಟೈರು ಹೇಗೋ ಪಾಸು. ‘ಇನ್ನಿಪ್ಪತ್ತು ಚೀಲ ಹಾಕು’ ಎಂದರೆ ತಲಾ ಟೈರಿಗೆ 2,250; ಎರಡೂ ಫೇಲು. ಇದೂ ಹೇರು ನಾಲ್ಕೂ ಚಕ್ರಕ್ಕೆ ಸಮನಾಗಿ ಹಂಚಿದೆ ಎಂದುಕೊಂಡರೆ ಮಾತ್ರ. ರಸ್ತೆ ಒಂದು ಕಡೆ ವಾಲಿದ್ದರೆ, ಚೀಲ ಹಿಂದಕ್ಕೆ ಸರಿದಿದ್ದರೆ ಒಂದು ಟೈರಿನ ಪಾಡು ಹೇಳತೀರದು. ಭತ್ತ ಇಳಿಸಿದ ಟ್ರಾಲಿಗೆ ಮಳೆಗಾಲಕ್ಕೆ ಮುಂಚೆ ಮರಳೋ ಜಲ್ಲಿಯೋ ಹೇರುವವರು ಇನ್ನೊಂದು ಅಂಶ ನೆನಪಿಡಬೇಕು. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಗೆ ಭತ್ತವನ್ನು ಸುರಿದು ತುಂಬಿದರೆ ಸುಮಾರು 2 ಟನ್ ಹಿಡಿಯುತ್ತದೆ, ಮರಳಾದರೆ 5 ಟನ್ ದಾಟುತ್ತದೆ. ಕಣ್ಣಿಗೆ ಎರಡೂ ಒಂದೇ ಹೇರು.

ಸೂಚ್ಯಂಕದ ಪಕ್ಕದ ಅಕ್ಷರ ವೇಗದ ಮಿತಿ. ‘ಎ8’ ಎಂದರೆ ಗಂಟೆಗೆ 40 ಕಿ.ಮೀ., ‘ಜೆ’ ಎಂದರೆ 100. ಬರೆದ ಭಾರ ಆ ವೇಗದೊಳಗಷ್ಟೇ ಸಿಂಧು. 7.50-16, 9.00-16ರಂಥ ಟ್ರಾಲಿ ಟೈರಿನ ಜೊತೆ ಬರುವ ‘16 ಪಿಆರ್’ ಎಂಬುದನ್ನು ಹದಿನಾರು ಪದರ ಎಂದು ಹಲವರು ತಿಳಿದಿದ್ದಾರೆ. ಹತ್ತಿಯ ದಾರದ ಕಾಲದ ಅಳತೆಯದು. ಇಂದಿನ ನೈಲಾನ್ ಗಟ್ಟಿಯಾದ್ದರಿಂದ ಕಡಿಮೆ ಪದರದಲ್ಲೇ ಅಷ್ಟು ಬಲ ಬರುತ್ತದೆ. ನೈಲಾನ್ ಟೈರು ಮುಳ್ಳು, ಕಲ್ಲಿನ ಪೆಟ್ಟು ತಾಳುತ್ತದೆ, ಆದರೆ ಬೇಗ ಕಾಯುತ್ತದೆ. ರೇಡಿಯಲ್ ತಣ್ಣಗಿರುತ್ತದೆ, ಆದರೆ ಅದರ ಮಗ್ಗುಲು ಮೆತ್ತಗೆ. ಹೊಲದ ದಾರಿಯೇ ಹೆಚ್ಚಿದ್ದರೆ ನೈಲಾನ್, ಬಳ್ಳಾರಿ ಮಾರುಕಟ್ಟೆಗೆ ಡಾಂಬರಿನಲ್ಲೇ ಓಡಾಟವಿದ್ದರೆ, ಅಳತೆ ಸಿಕ್ಕರೆ, ರೇಡಿಯಲ್. ಒಂದು ಅಚ್ಚಿಗೆ ಎರಡನ್ನೂ ಬೆರೆಸಬಾರದು. ಎತ್ತಿನ ಬಂಡಿಗೆಂದು ಬರುವ 7.00-19, 8.00-19ರ ‘ಎಡಿವಿ’ ಟೈರನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟುವುದಂತೂ ಬೇಡವೇ ಬೇಡ. ಅದು ಎತ್ತಿನ ನಡಿಗೆಗೆ ಮಾಡಿದ್ದು.

ಹೊಸದಕ್ಕೆ ದುಡ್ಡಿಲ್ಲದಾಗ ರಿಟ್ರೇಡ್ ಅಥವಾ ಸೆಕೆಂಡ್ ಹ್ಯಾಂಡ್. ರಿಟ್ರೇಡ್ ಎಂದರೆ ಮೂಗು ಮುರಿಯಬೇಕಿಲ್ಲ, ವಿಮಾನದ ಟೈರಿಗೂ ಹೊಸ ಮೇಲ್ಪದರ ಹಾಕಿ ಬಳಸುತ್ತಾರೆ. ಗಟ್ಟಿಯಾದ, ಚಿಕ್ಕ ವಯಸ್ಸಿನ ಹಳೇ ಮೈಗೆ ಹಾಕಿದ್ದರೆ ಅದು ಚೆನ್ನಾಗಿಯೇ ಬಾಳುತ್ತದೆ. ಒಂಬತ್ತು ವರ್ಷದ ಮೈಗೆ ಹಾಕಿದ ಹೊಸ ಬಟನ್ ಕಣ್ಣಿಗೆ ಮೋಸ ಅಷ್ಟೇ. ಲಾರಿಯಿಂದ ಇಳಿಸಿದ ಹಳೇ ಟೈರು ಕೊಳ್ಳುವವರು ಒಳಗೆ ಕೈಯಾಡಿಸಿ ಉಬ್ಬು, ಸೀಳು, ತೇಪೆ ಇವೆಯೇ ನೋಡಬೇಕು. ಮಗ್ಗುಲನ್ನು ಬಗ್ಗಿಸಿ ಬಿರುಕು ಬಾಯಿ ಬಿಡುತ್ತದೆಯೇ ಪರೀಕ್ಷಿಸಬೇಕು. ನೈಲಾನ್ ದಾರ ಕಂಡರೆ ಮಾತು ಮುಗಿಯಿತು. ಒಂದು ವಿಚಾರದಲ್ಲಿ ಹಳ್ಳಿಯ ರೂಢಿ ಬದಲಾಗಲೇಬೇಕು: ಬಿರುಕು ಮುಚ್ಚಿ ಮಿರಿಮಿರಿ ಮಿಂಚಲೆಂದು ಡೀಸೆಲ್ಲೋ ಸುಟ್ಟ ಆಯಿಲ್ಲೋ ಸವರುವುದು. ಆ ಎಣ್ಣೆಗಳು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ.

ಸುಗ್ಗಿ ಮುಗಿದ ಮೇಲೆ ಟ್ರಾಲಿಯನ್ನು ಖಾಲಿ ಮಾಡಿ, ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿಡಿ. ಬಿಸಿಲು ಬೀಳುವ ಮಗ್ಗುಲಿಗೆ ಗೋಣಿಚೀಲ ಹೊದಿಸಿ. ಕರೆಂಟ್ ಮೋಟರ್ ಓಡುವ ಜಾಗದ ಪಕ್ಕ ನಿಲ್ಲಿಸಬೇಡಿ, ಮೋಟರಿನ ಕಿಡಿಯಿಂದಲೂ ಓಜೋನ್ ಹುಟ್ಟುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿಯನ್ನು ಈಗಲೇ ಬಣ್ಣದಿಂದ ಟ್ರಾಲಿಯ ಹಲಗೆಯ ಒಳಮೈಗೆ ಬರೆದಿಡಿ, ಪಕ್ಕದಲ್ಲಿ ಅದಕ್ಕೆ ಆರು ಕೂಡಿಸಿದ ವರ್ಷವನ್ನೂ ಬರೆಯಿರಿ. ಆ ವರ್ಷ ಬಂದಾಗ ಟೈರು ಬದಲಿಸಿ, ಬಟನ್ ಎಷ್ಟೇ ಆಳವಾಗಿರಲಿ.