ಬಾಲ ಮೊಟಕಾದ ಪಂದ್ಯದ ಕಾರು

ಬೈಸಿಕಲ್ಲನ್ನೇರಿ ಎದುರುಗಾಳಿಗೆ ಮುಖವೊಡ್ಡಿ ಹೋದವರಿಗೆಲ್ಲ ಒಂದು ಸಂಗತಿ ಗೊತ್ತು. ವೇಗ ಹೆಚ್ಚಿದಂತೆಲ್ಲ ಕಾಣದ ಕೈಯೊಂದು ನಮ್ಮನ್ನು ಹಿಂದಕ್ಕೆ ನೂಕಿದಂತಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯವಾದರೋ ಎಂಟು ಮಡಿಯಾಗುತ್ತದೆ. ಈ ನಿಯಮವೇ 1963ರಲ್ಲಿ ಅಮೆರಿಕದ ಒಂದು ಪಂದ್ಯದ ಕಾರಿಗೆ ಅಡ್ಡಗೋಡೆಯಾಗಿ ನಿಂತಿತ್ತು.

ಆ ಕಾರಿನ ಹೆಸರು ಕೋಬ್ರಾ. ಕ್ಯಾರೊಲ್ ಶೆಲ್ಬಿ ಎಂಬವರು ಇಂಗ್ಲೆಂಡಿನ ಹಗುರವಾದ ಕಾರಿಗೆ ಫೋರ್ಡ್ ಕಂಪೆನಿಯ ಎಂಟು ಸಿಲಿಂಡರುಗಳ, 4.7 ಲೀಟರಿನ ಯಂತ್ರವನ್ನು ಜೋಡಿಸಿ ಅದನ್ನು ರೂಪಿಸಿದ್ದರು. ತಿರುವುಗಳು ಹೆಚ್ಚಿರುವ ಪಥಗಳಲ್ಲಿ ಅದು ಚುರುಕಾಗಿ ಓಡುತ್ತಿತ್ತು. ಆದರೆ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಪಂದ್ಯದ ಪಥದಲ್ಲಿ ಸುಮಾರು 6 ಕಿಲೋಮೀಟರು ಉದ್ದದ ನೇರ ರಸ್ತೆಯೊಂದಿತ್ತು. ಅಲ್ಲಿ ಮೊಂಡುಮೈಯ ಕೋಬ್ರಾ ಗಂಟೆಗೆ ಸುಮಾರು 250 ಕಿಲೋಮೀಟರು ಮುಟ್ಟಿ, ಮುಂದಕ್ಕೆ ಏರಲಾರದೆ ಹೋಗುತ್ತಿತ್ತು. ಇಟಲಿಯ ಫೆರಾರಿ ಕಾರುಗಳು ಅದನ್ನು ಹಿಂದಿಕ್ಕುತ್ತಿದ್ದವು. 250ರಿಂದ 300ಕ್ಕೆ ಏರಬೇಕಾದರೆ ವೇಗ ಹೆಚ್ಚಬೇಕಾದುದು ಐದನೆಯ ಒಂದು ಪಾಲು ಮಾತ್ರ. ಆದರೆ ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ಸುಮಾರು ಒಂದೂಮುಕ್ಕಾಲು ಪಟ್ಟು! ಅಷ್ಟನ್ನು ಅದೇ ಯಂತ್ರದಿಂದ ಪಡೆಯುವಂತಿರಲಿಲ್ಲ. ಉಳಿದ ದಾರಿ ಒಂದೇ: ಗಾಳಿಯ ತಡೆಯನ್ನೇ ಕಡಮೆ ಮಾಡುವುದು.

ಪೀಟರ್ ಬ್ರಾಕ್ ಎಂಬ ತರುಣ ವಿನ್ಯಾಸಕರು ಈ ದಾರಿಯನ್ನು ಹಿಡಿದರು. ಅವರಿಗೆ ನೆರವಾದದ್ದು 1930ರ ದಶಕದಲ್ಲಿ ಜರ್ಮನಿಯ ವೂನಿಬಾಲ್ಡ್ ಕಾಮ್ ಮೊದಲಾದವರು ನಡೆಸಿದ ಸಂಶೋಧನೆ. ವಾಹನವು ಧಾವಿಸುವಾಗ ಅದರ ಬೆನ್ನಿನ ಹಿಂದೆ ಗಾಳಿಯ ಸುಳಿಗಳೇಳುತ್ತವೆ. ಅಲ್ಲಿ ಒತ್ತಡ ಕುಗ್ಗುವುದರಿಂದ ವಾಹನವು ಹಿಂದಕ್ಕೆ ಸೆಳೆಯಲ್ಪಡುತ್ತದೆ. ಮೀನಿನಂತೆ ನೀಳವಾದ ಬಾಲವಿದ್ದರೆ ಸುಳಿ ಕಡಮೆ. ಆದರೆ ಅಷ್ಟು ಉದ್ದದ ಬಾಲ ಕಾರಿಗೆ ಹೊರೆ. ಚಾವಣಿಯನ್ನು ಮೆಲ್ಲಗೆ ಇಳಿಜಾರಾಗಿಸಿ, ಗಾಳಿಯು ಮೈಯನ್ನು ಬಿಟ್ಟು ಚದುರುವ ಮುನ್ನವೇ ಬಾಲವನ್ನು ನೆಟ್ಟಗೆ ಕತ್ತರಿಸಿಬಿಟ್ಟರೂ ಪ್ರಯೋಜನದ ಬಹುಭಾಗ ಉಳಿಯುತ್ತದೆ ಎಂಬುದೇ ಆ ಸಂಶೋಧನೆಯ ಸಾರ.

ಈ ಮೊಟಕು ಬಾಲವನ್ನು ಕಂಡು ಕಾರ್ಖಾನೆಯಲ್ಲಿಯೇ ಹಲವರು ಸಂದೇಹಪಟ್ಟರು. ಪಥವು ಉತ್ತರ ಕೊಟ್ಟಿತು. ಡೇಟೋನಾ ಕೂಪೆ ಎಂದು ಹೆಸರಾದ ಈ ಕಾರು ಅದೇ ಯಂತ್ರದಿಂದ 300 ಕಿಲೋಮೀಟರಿನ ಸಮೀಪಕ್ಕೆ ಏರಿತು. 1964ರಲ್ಲಿ ಬೆಲ್ಜಿಯಮಿನ ಸ್ಪಾ ಪಥದಲ್ಲಿ ಅತಿವೇಗದಲ್ಲಿ ಅದರ ಹಿಂಭಾಗ ಹಗುರಾಗಿ ತೊನೆಯಿತು. ಬಾಲದ ಅಂಚಿಗೆ ಒಂದು ಲೋಹದ ಪಟ್ಟಿಯನ್ನು ಸೇರಿಸಿ ದೋಷವನ್ನು ತಿದ್ದಿದರು. ಆ ವರ್ಷವೇ ಲ ಮಾನ್ಸ್‌ನಲ್ಲಿ ಡ್ಯಾನ್ ಗರ್ನಿ ಮತ್ತು ಬಾಬ್ ಬಾಂಡುರಾಂಟ್ ತಮ್ಮ ವರ್ಗದಲ್ಲಿ ಮೊದಲಿಗರಾದರು. 1965ರಲ್ಲಿ ಈ ವರ್ಗದ ವಿಶ್ವ ಪ್ರಶಸ್ತಿಯೂ ಶೆಲ್ಬಿಯವರ ಪಾಲಾಯಿತು.

ನಿರ್ಮಾಣವಾದದ್ದು ಆರೇ ಕಾರುಗಳು. ಆದುದರಿಂದ ಸಂಗ್ರಾಹಕರಿಗೆ ಅವು ಈಗ ನಿಧಿಗೆ ಸಮಾನ. ಕೆಲವನ್ನು ಜೀರ್ಣೋದ್ಧಾರ ಮಾಡಿ, ಬಣ್ಣ ಬಳಿದು, ಮೊದಲಿನ ಮೆರುಗಿಗೆ ತಂದಿದ್ದಾರೆ. ಆದರೆ ಆರರಲ್ಲಿ ಮೊದಲನೆಯದು, ದಶಕಗಳ ಕಾಲ ಮರೆಯಲ್ಲಿದ್ದು 2001ರಲ್ಲಿ ಬೆಳಕಿಗೆ ಬಂದದ್ದು, ಫಿಲಡೆಲ್ಫಿಯದ ಸಿಮಿಯೋನ್ ಸಂಗ್ರಹಾಲಯದಲ್ಲಿ ಹಳೆಯ ಗಾಯಗಳೊಡನೆಯೇ ನಿಂತಿದೆ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆಯ ದಾಖಲೆಗೆ ಸೇರಿದ ಮೊದಲ ಕಾರು ಇದೇ.

ಇದನ್ನೂ ಹೊಸದಾಗಿಸಬಾರದಿತ್ತೇ ಎಂದು ಓದುಗರು ಕೇಳಬಹುದು. ಜೀರ್ಣೋದ್ಧಾರಗೊಂಡ ಕಾರು ಅಂದು ಹೇಗೆ ಕಾಣುತ್ತಿತ್ತು, ಹೇಗೆ ಓಡುತ್ತಿತ್ತು ಎಂಬುದನ್ನು ನಮಗೆ ತೋರಿಸುತ್ತದೆ, ಅದೂ ಬೇಕು. ಆದರೆ ತಗಡನ್ನು ಬಡಿದ ಸುತ್ತಿಗೆಯ ಗುರುತುಗಳು, ಅವಸರದ ತೇಪೆಗಳು, ಪಂದ್ಯದಲ್ಲಿ ಬಿದ್ದ ಗೀರುಗಳು ಒಂದು ಪ್ರಯೋಗದ ಟಿಪ್ಪಣಿ ಪುಸ್ತಕವಿದ್ದಂತೆ. ಮೆರುಗು ಬೇಕಾದರೆ ಯಾವಾಗಲಾದರೂ ಕೊಡಬಹುದು. ಅಳಿಸಿದ ಟಿಪ್ಪಣಿಯನ್ನು ಯಾರೂ ಮರಳಿ ಬರೆಯಲಾರರು.